ಕರ್ಕಿಡಕದಲ್ಲಿ ಅರ್ಧ ಬಾಡಿಗೆ

ಮೂವತ್ತೆಂಟಕ್ಕೆ ನಿವೃತ್ತಿ ಅಂದರೆ ಜನ ನಗುತ್ತಾರೆ. ನಗಲಿ ಬಿಡಿ. ಹನ್ನೊಂದು ವರ್ಷ ಕೊಚ್ಚಿಯಲ್ಲಿ ಸ್ವಂತ ಸ್ಕೂಟರ್, ತಿರುವನಂತಪುರದಲ್ಲಿ ಬಾಡಿಗೆ ಸ್ಕೂಟರ್, ನಡುವೆ ಬೆಳಗಿನ ರೈಲು ಎಂದು ಮದುವೆ ಹಾಲ್ ಹುಡುಕಿಕೊಂಡು ಅಲೆದ ಮೇಲೆ, ನನಗಿಂತ ಮೊದಲು ನನ್ನ ಸೊಂಟವೇ ರಾಜೀನಾಮೆ ಕೊಟ್ಟಿತು. ಇನ್ನು ಎರಡು ಚಕ್ರದ ಗಾಡಿ ಮುಟ್ಟಬೇಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಸ್ಕೂಟರ್ ಇಲ್ಲದೆ ಈ ಕೆಲಸ ಇಲ್ಲ. ಹಾಗಾಗಿ ಈಗ ಬೆನ್ನಿಗೆ ದಿಂಬು ಕೊಟ್ಟುಕೊಂಡು ಇದನ್ನು ಟೈಪು ಮಾಡುತ್ತಿದ್ದೇನೆ.

ಯಾರಿಗೆ ಅಂದರೆ, ನಿಮಗೆ. ಕೇರಳದಲ್ಲಿ ಇರುವ ಕನ್ನಡದವರಿಗೆ ಕಡಿಮೆ ಖರ್ಚಿನಲ್ಲಿ ಮದುವೆಯ ಜಾಗ ಹುಡುಕಿಕೊಡುವ ಕೆಲಸಕ್ಕೆ ಹೊಸದಾಗಿ ಇಳಿದಿದ್ದೀರಲ್ಲ, ನಿಮಗೆ. ಇದಕ್ಕೆ ಕೋರ್ಸು ಇಲ್ಲ, ಸರ್ಟಿಫಿಕೇಟು ಇಲ್ಲ. ನನಗೂ ಯಾರೂ ಕೂರಿಸಿ ಕಲಿಸಲಿಲ್ಲ. ನಾನು ಮಂಜೇಶ್ವರದವಳು. ಕನ್ನಡ, ತುಳು, ಮಲಯಾಳ ಮೂರೂ ನಾಲಿಗೆ ಮೇಲೆ ಇದ್ದವು. ಕೊಚ್ಚಿಯ ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಡೇಟಾ ಎಂಟ್ರಿ ಮಾಡಿಕೊಂಡಿದ್ದೆ. ಪಕ್ಕದ ಸೀಟಿನ ಪ್ರಶಾಂತನಿಗೆ ಮದುವೆ ಗೊತ್ತಾಯಿತು. ಅವನು ದಾವಣಗೆರೆಯವನು, ಮಲಯಾಳ ಬಾರದು. “ಶ್ವೇತಾ, ನಿಂಗೆ ಭಾಷೆ ಬರುತ್ತಲ್ಲ, ಒಂದು ಹಾಲ್ ನೋಡಿಕೊಡೇ” ಅಂದ. ನೋಡಿಕೊಟ್ಟೆ. ಅಲ್ಲಿಂದ ಶುರು.

ಆ ಮೊದಲನೆಯದೇ ಎಡವಟ್ಟು. ಬಾಡಿಗೆ ಕೇಳಿದರೆ ನಂಬಲಾಗದಷ್ಟು ಕಡಿಮೆ. ಕುಣಿದುಕೊಂಡು ಮುಂಗಡ ಕೊಟ್ಟೆ. ಬಾಡಿಗೆ ಎಷ್ಟು ಎಂದು ಕೇಳಿದ್ದೆನೇ ಹೊರತು ಎಷ್ಟು ಗಂಟೆಯವರೆಗೆ ಎಂದು ಕೇಳಿರಲಿಲ್ಲ. ಇಲ್ಲಿಯವರ ಮದುವೆ ಚುರುಕು. ಹತ್ತೂವರೆಗೆ ತಾಳಿ, ಹನ್ನೊಂದೂವರೆಗೆ ಎಲೆ, ಎರಡಕ್ಕೆ ಮದುಮಕ್ಕಳು ಕಾರಿನಲ್ಲಿ. ನಮ್ಮ ಮದುವೆಯಲ್ಲಿ ಎರಡು ಗಂಟೆಗೆ ಇನ್ನೂ ಎರಡನೇ ಪಂಕ್ತಿಗೆ ನೀರು ಚಿಮುಕಿಸುತ್ತಿರುತ್ತಾರೆ. ಮೂರು ಹೊಡೆದದ್ದೇ ತಡ, ಹಾಲಿನವರು ಬಂದು ಕುರ್ಚಿ ಒಂದರ ಮೇಲೊಂದು ಜೋಡಿಸತೊಡಗಿದರು.

“ಚೇಟ್ಟಾ, ಅಣ್ಣಾ, ಇನ್ನೊಂದು ಪಂಕ್ತಿ ಉಂಟು!” ಅಂದೆ.

“ಮೋಳೇ, ಸಂಜೆ ಐದಕ್ಕೆ ಇನ್ನೊಂದು ರಿಸೆಪ್ಷನ್ ಉಂಟು” ಅಂದ ಅವನು, ನನ್ನನ್ನು ಮಗಳೇ ಎಂದು ಕರೆದು, ಸಮಾಧಾನದಿಂದ.

ಪ್ರಶಾಂತನ ತಾತ ಹೋಳಿಗೆ ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತರು. ಅವರ ಕುರ್ಚಿ ಹೋಗಿತ್ತು. “ಏನವ್ವಾ, ನಿಮ್ಮೂರಾಗೆ ನಿಂತ್ಕಂಡೇ ಉಣ್ಣೋ ಪದ್ಧತೀನಾ?” ಎಂದು ಕೇಳಿದರು. ಅವರು ನಿಜವಾಗಿಯೇ ಕೇಳಿದ್ದು. ಅದಕ್ಕೇ ಇವತ್ತಿಗೂ ನೆನಪಿದೆ. ಹಾಗಾಗಿ ಮೊದಲ ಮಾತು: ಗಂಟೆ ಕೇಳಿ, ಆಮೇಲೆ ಬಾಡಿಗೆ ಕೇಳಿ.

ಎರಡನೆಯ ಪಾಠ ಫೋರ್ಟ್ ಕೊಚ್ಚಿಯದು. ಹಳೇ ಬಂಗಲೆಯೊಂದರ ಅಂಗಳ, ದೊಡ್ಡ ಮರ, ಫೋಟೋಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಮಾಲೀಕರು ವಯಸ್ಸಾದವರು, ಕೇಳಿದಷ್ಟಕ್ಕೆ ಕೊಟ್ಟರು. ಗಂಡಿನ ಕಡೆಯವರನ್ನು ವೈಪಿನ್ ಕಡೆಯ ಅಗ್ಗದ ಲಾಡ್ಜಿನಲ್ಲಿ ಇಳಿಸಿದೆ. ನಡುವೆ ಒಂದು ಫೆರ್ರಿ, ದಾಟಲು ಐದೇ ನಿಮಿಷ. ಎಷ್ಟು ಬುದ್ಧಿವಂತೆ ನಾನು ಅಂದುಕೊಂಡೆ. ಭಾನುವಾರ ಬೆಳಗ್ಗೆ ಆ ಫೆರ್ರಿಗೆ ವಾಹನಗಳ ಸಾಲು ಎಷ್ಟು ಉದ್ದ ಇರುತ್ತದೆ ಎಂದು ನಾನು ಹಿಂದಿನ ಭಾನುವಾರ ಹೋಗಿ ನೋಡಿರಲಿಲ್ಲ. ಮದುಮಗ ಬಾಸಿಂಗ ಕಟ್ಟಿಕೊಂಡು ಮೀನಿನ ಲಾರಿಯ ಹಿಂದೆ ಮುಕ್ಕಾಲು ಗಂಟೆ ಕಾದ. ಕೊನೆಗೆ ಕಾರು ಅಲ್ಲೇ ಬಿಟ್ಟು, ನಡೆದು ಹತ್ತುವವರ ಜೊತೆ ನಿಂತುಕೊಂಡೇ ದಾಟಿ ಬಂದ. ಬಾಡಿಗೆಯಲ್ಲಿ ಉಳಿಸಿದ್ದನ್ನು ದಾರಿಯಲ್ಲಿ ಕಳೆಯಬೇಡಿ. ಯಾವ ದಿನ ಮದುವೆಯೋ ಅದರ ಹಿಂದಿನ ವಾರ ಅದೇ ದಿನ, ಅದೇ ಹೊತ್ತಿಗೆ ಹೋಗಿ ದಾರಿ ನೋಡಿ.

ನನಗೆ ಮೇಲಧಿಕಾರಿ ಅಂತ ಇದ್ದವರು ಒಬ್ಬರೇ, ಸುಕುಮಾರನ್ ಚೇಟ್ಟ. ತಿರುವನಂತಪುರದ ಒಂದು ಮಧ್ಯಮ ಗಾತ್ರದ ಕಲ್ಯಾಣಮಂಟಪದ ಮೇಲ್ವಿಚಾರಕರು. ನನಗೆ ಸಂಬಳ ಕೊಡಲಿಲ್ಲ, ಆದರೆ ನನ್ನನ್ನು ಬೈಯುವ ಅಧಿಕಾರ ಪೂರ್ತಿ ಅವರದೇ. ಮೊದಲ ಸಲ ಹೋದಾಗ ನಾನು ಎದುರು ಬಾಗಿಲಿನಿಂದ ಒಳಗೆ ಹೋಗಿ ವೇದಿಕೆ ನೋಡುತ್ತಾ ನಿಂತಿದ್ದೆ.

“ಎಂತಾ ಮೋಳೇ, ನೀನು ಮದುಮಗಳಾ?” ಎಂದು ಹಿಂದಿನಿಂದ ಕೇಳಿದರು.

“ಅಲ್ಲ ಚೇಟ್ಟಾ, ಹಾಲ್ ನೋಡಲಿಕ್ಕೆ ಬಂದದ್ದು.”

“ಹಾಗಾದರೆ ವೇದಿಕೆ ಯಾಕೆ ನೋಡುತ್ತೀ? ಅದನ್ನು ಎಲ್ಲ ಮಾಲೀಕರೂ ಚೆನ್ನಾಗಿಟ್ಟಿರುತ್ತಾರೆ. ಹೋಗಿ ಅಡುಗೆಮನೆಯ ಚರಂಡಿ ನೋಡು. ಅದು ಹರಿಯುತ್ತಿದ್ದರೆ ಮದುವೆ ನಡೆಯುತ್ತದೆ.”

ಅಂದಿನಿಂದ ನಾನು ಯಾವ ಹಾಲಿಗೂ ಎದುರಿನಿಂದ ಹೋಗಲಿಲ್ಲ. ಹಿಂದಿನಿಂದ ಹೋಗಬೇಕು. ಚರಂಡಿ ನೋಡಬೇಕು, ಪಾತ್ರೆ ಯಾರದೆಂದು ಕೇಳಬೇಕು, ಕೊನೆಯ ಸಾಲಿನ ಮೂಲೆ ಕುರ್ಚಿಯಲ್ಲಿ ಕೂತು ವೇದಿಕೆ ಕಾಣುತ್ತದೆಯೇ ಎಂದು ನೋಡಬೇಕು, ಒಂದು ಚಪ್ಪಾಳೆ ತಟ್ಟಿ ಎಷ್ಟು ಗುಂಯ್‌ಗುಡುತ್ತದೆ ಎಂದು ಕೇಳಬೇಕು. ಮ್ಯಾನೇಜರಿನ ಮಾತು ಬಿಟ್ಟು ವಾಚ್‌ಮನ್ನಿನ ಮಾತು ಕೇಳಬೇಕು. ಬಾಡಿಗೆಯಲ್ಲಿ ಜಗ್ಗಾಡಿದರೆ ಅವರು ಒಂದಿಷ್ಟು ಇಳಿಸಿ, ಜನರೇಟರಿನ ಡೀಸೆಲ್ಲಿನಲ್ಲೋ ಡೆಕೊರೇಷನ್ನಿನಲ್ಲೋ ಎರಡರಷ್ಟು ಎತ್ತಿಕೊಳ್ಳುತ್ತಾರೆ. ಜಗ್ಗಾಡುವುದಿದ್ದರೆ ಅಲ್ಲಿ ಜಗ್ಗಾಡಿ. ಈಗೀಗ ಎಲ್ಲ ವಿಡಿಯೋದಲ್ಲೇ ಮುಗಿಯುತ್ತದೆ. ಕೂತಲ್ಲಿಂದಲೇ ಹತ್ತು ಹಾಲ್ ನೋಡಬಹುದು, ನಿಜ. ಆದರೆ ವಿಡಿಯೋದಲ್ಲಿ ಕಂಬ ಅಡಗಿಕೊಳ್ಳುತ್ತದೆ, ವಾಸನೆ ಬರುವುದೇ ಇಲ್ಲ. ಒಂದು ಸಲವಾದರೂ ಹೋಗಿ ನಿಲ್ಲಿ.

ಇನ್ನು ನನ್ನ ದೊಡ್ಡ ಉಪಾಯದ ಸಂಗತಿ. ಅದನ್ನೇ ಹೇಳಬೇಕೆಂದು ಕೂತದ್ದು.

ಒಂದು ಜುಲೈಯಲ್ಲಿ ಸುಕುಮಾರನ್ ಚೇಟ್ಟನ ಹಾಲಿಗೆ ಹೋದರೆ ಅವರು ಖಾಲಿ ಹಾಲಿನ ನಡುವೆ ಕುರ್ಚಿ ಹಾಕಿಕೊಂಡು, ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. “ಕರ್ಕಿಡಕ ಬಂತು ಮೋಳೇ. ಇನ್ನು ಚಿಂಗಂ ತನಕ ಇಲ್ಲಿ ಕಾಗೆಗೂ ಮದುವೆಯಿಲ್ಲ” ಅಂದರು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳಲ್ಲಿ ಮಲಯಾಳಿಗಳು ಮದುವೆ, ಗೃಹಪ್ರವೇಶ ಯಾವುದನ್ನೂ ಇಟ್ಟುಕೊಳ್ಳುವುದಿಲ್ಲ. ಔಷಧಿಯ ಗಂಜಿ ಕುಡಿಯುತ್ತಾರೆ, ಎಣ್ಣೆ ಹಚ್ಚಿಸಿಕೊಳ್ಳುತ್ತಾರೆ, ಸಂಜೆ ದೀಪ ಹಚ್ಚಿ ಪಾರಾಯಣ ಮಾಡುತ್ತಾರೆ. ಹಾಲ್‌ಗಳಿಗೆ ಸುಣ್ಣ ಬಣ್ಣ ಆಗುವುದೂ ಆಗಲೇ.

ಅವರ ಗೋಡೆಯ ಮೇಲೆ ಮಲಯಾಳ ಕ್ಯಾಲೆಂಡರ್. ನನ್ನ ಚೀಲದಲ್ಲಿ ನಮ್ಮ ಪಂಚಾಂಗ. ಸುಮ್ಮನೆ ಪಕ್ಕದಲ್ಲಿ ಹಿಡಿದು ನೋಡಿದೆ. ಇಲ್ಲಿಯ ತಿಂಗಳು ಸೂರ್ಯನ ಲೆಕ್ಕ, ನಮ್ಮದು ಚಂದ್ರನ ಲೆಕ್ಕ. ಅಮಾವಾಸ್ಯೆ ಕಳೆದ ಮರುದಿನವೇ ನಮಗೆ ಆಷಾಢ ಮುಗಿದು ಶ್ರಾವಣ. ಇಲ್ಲಿ ಕರ್ಕಿಡಕ ಮುಗಿಯುವುದಕ್ಕೆ ಇನ್ನೂ ದಿನಗಳಿರುತ್ತವೆ, ಕೆಲವು ವರ್ಷ ಎರಡು ಮೂರು ವಾರವೇ ಇರುತ್ತದೆ. ಅಂದರೆ ನಮಗೆ ಒಳ್ಳೆಯ ಮುಹೂರ್ತ ಇರುವ ದಿನ ಇಲ್ಲಿಯ ಹಾಲ್‌ಗಳೆಲ್ಲ ಖಾಲಿ!

“ಚೇಟ್ಟಾ, ಕರ್ಕಿಡಕದಲ್ಲಿ ಯಾರಾದರೂ ಹಾಲ್ ಕೇಳಿದರೆ ಎಷ್ಟಕ್ಕೆ ಕೊಡುತ್ತೀರಿ?”

“ಕರ್ಕಿಡಕದಲ್ಲಾ? ಕೇಳುವವರಿಗೆ ತಲೆ ಸರಿ ಇಲ್ಲ ಎಂದು ಅರ್ಧಕ್ಕೆ ಕೊಡುತ್ತೇನೆ.”

ಎರಡು ವರ್ಷದಲ್ಲಿ ನಾಲ್ಕು ಮದುವೆ ಹಾಗೆ ಮಾಡಿಸಿದೆ. ನಾಲ್ಕಕ್ಕೂ ನೆಂಟರೆಲ್ಲ ಕರ್ನಾಟಕದಿಂದ ರೈಲಿನಲ್ಲಿ ಬಂದವರು. ಉಂಡು, ಹರಸಿ, ಪದ್ಮನಾಭನ ದರ್ಶನ ಮಾಡಿ ಹೋದರು. ನನ್ನ ಹೆಸರು ಓಡಿತು. “ಶ್ವೇತಕ್ಕನ ಅರ್ಧ ಬಾಡಿಗೆ” ಎಂದೇ ಹೇಳತೊಡಗಿದರು. ನಾನೂ ನೆಲದ ಮೇಲೆ ಇರಲಿಲ್ಲ.

ಆಗ ಬಂದವಳು ಸಹನಾ. ಕೊಚ್ಚಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಹುಡುಗ ಅಭಿಷೇಕ್, ಅದೇ ಆಫೀಸು, ಊರು ಮೈಸೂರು. ಸಹನಾಳ ತಾಯಿ ಸುಮಂಗಲಕ್ಕ ಧಾರವಾಡದವರು. ತಿರುವನಂತಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಗೆ ವರ್ಗವಾಗಿ ಬಂದು ಇಪ್ಪತ್ತಾರು ವರ್ಷದಿಂದ ಅಲ್ಲಿಯ ಕ್ವಾರ್ಟರ್ಸಿನಲ್ಲೇ ಇದ್ದವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮುಂದಿನ ವರ್ಷ ಅವರ ನಿವೃತ್ತಿ, ಆಮೇಲೆ ಕ್ವಾರ್ಟರ್ಸ್ ಬಿಡಬೇಕು. ಅದೇ ಊರಿನ ನೇಮಂ ಕಡೆ ಎರಡು ಕೋಣೆಯ ಮನೆಯೊಂದನ್ನು ನೋಡಿಟ್ಟಿದ್ದರು. ಓಣಂ ಒಳಗೆ ಮುಂಗಡ ಕೊಡುವ ಮಾತಾಗಿತ್ತು. ಕೈಯಲ್ಲಿ ಇದ್ದದ್ದು ಆ ಮುಂಗಡದ ದುಡ್ಡು, ಅದರ ಮೇಲೆ ಒಂದಿಷ್ಟು.

ಕ್ವಾರ್ಟರ್ಸಿನ ಆ ಮೊದಲ ಭೇಟಿಯಲ್ಲಿ ತಾಯಿ ಕನ್ನಡದಲ್ಲಿ, ಮಗಳು ಮಲಯಾಳದಲ್ಲಿ ಜಗಳ ಆಡಿದರು.

“ಒಬ್ಬಾಕೀನ ಮಗಳು ನೀ. ದೊಡ್ಡ ಹಾಲ್ ಹಿಡಿಯೂಣು. ಮನೀ ಏನ್ ಓಡಿಹೋಗ್ತೈತಿ?” ಅಂದರು ಸುಮಂಗಲಕ್ಕ.

“ವೇಂಡ ಅಮ್ಮೇ!” ಎಂದಳು ಸಹನಾ. ಬೇಡ ಅಂದರೆ ಬೇಡ. ಆಮೇಲೆ ನನ್ನ ಕಡೆ ತಿರುಗಿ, ನನಗೋಸ್ಕರ ಕನ್ನಡ ಹೆಕ್ಕಿಕೊಂಡು ಹೇಳಿದಳು: “ಶ್ವೇತ ಚೇಚೀ, ಮನೆ ಕ್ಯಾಶ್ ಟಚ್ ಮಾಡಬಾರ್ದು. ಅದು ಹೋದ್ರೆ ಅಮ್ಮ ಎಲ್ಲಿ ಇರೋದು? ನಂಗೆ ಮದುವೆ ಪಾರ್ಕಿಂಗ್ ಲಾಟಲ್ಲಿ ಆದ್ರೂ ಸಾರಿಲ್ಲ, ಪರವಾಗಿಲ್ಲ.”

“ಪಾರ್ಕಿಂಗಿನ್ಯಾಗ ಮದುವಿ ಆಗೂವಾಕಿ ನೋಡ್ರಿ ಈಕಿ!” ಎಂದು ಸುಮಂಗಲಕ್ಕ ನಕ್ಕರು. ಆದರೆ ಮಗಳ ಮುಖ ನೋಡಿ ದೊಡ್ಡ ಹಾಲಿನ ಮಾತು ಬಿಟ್ಟರು.

ನಾನು ಪಂಚಾಂಗ ತೆಗೆದೆ. ಶ್ರಾವಣದ ಮೊದಲ ವಾರದಲ್ಲೇ ಚೆಂದದ ಮುಹೂರ್ತ. ಮೈಸೂರಿನ ಪುರೋಹಿತರೂ ಒಪ್ಪಿದರು. ಸುಕುಮಾರನ್ ಚೇಟ್ಟನ ಹಾಲ್, ಎರಡು ದಿನ, ಅರ್ಧ ಬಾಡಿಗೆ. ಹಿಂದಿನ ಸಂಜೆ ಆರತಕ್ಷತೆ, ಮರುದಿನ ಧಾರೆ, ಊಟ, ಎಲ್ಲ ಸೇರಿಸಿದರೂ ಮನೆಯ ದುಡ್ಡು ಮನೆಗೇ ಉಳಿಯುತ್ತಿತ್ತು. ಮುಂಗಡ ಕೊಟ್ಟೆವು. ಕಾರ್ಡು ಅಚ್ಚಾಯಿತು.

ಮದುವೆಗೆ ಹದಿನೈದು ದಿನ ಇರುವಾಗ ಸುಮಂಗಲಕ್ಕನ ಫೋನು ಬಂತು. ಕ್ವಾರ್ಟರ್ಸಿನ ಗೋಡೆಯ ಆಚೆಗಿನ ಓಣಿಯಲ್ಲಿ ಇಪ್ಪತ್ತು ಮನೆ. ಗಂಡ ಹೋದಾಗ ಅಡುಗೆ ಮಾಡಿ ಕಳಿಸಿದವರು, ಸಹನಾಳನ್ನು ಶಾಲೆಯಿಂದ ಕರೆತಂದವರು, ಎಲ್ಲ ಆ ಓಣಿಯವರೇ. ಧಾರವಾಡದಲ್ಲಿ ಈಗ ಅವರಿಗೆ ಅಷ್ಟು ಜನರಿಲ್ಲ. ಒಂದೊಂದೇ ಮನೆಗೆ ಹೋಗಿ ಕಾರ್ಡು ಕೊಟ್ಟು ಬಂದಿದ್ದರು.

“ಶ್ವೇತಾ, ಒಬ್ರೂ ಒಲ್ಲೆ ಅನ್ನಲಿಲ್ಲವ್ವಾ” ಅಂದರು. ಆಮೇಲೆ, “ಒಬ್ರೂ ಬರ್ತೀನಿ ಅಂತನೂ ಅನ್ನಲಿಲ್ಲ” ಅಂದರು.

ಒಬ್ಬರಿಗೆ ಮೊಮ್ಮಗನ ಪರೀಕ್ಷೆ. ಒಬ್ಬರಿಗೆ ಆ ವಾರವೇ ಎಣ್ಣೆ ಚಿಕಿತ್ಸೆ. ಇನ್ನೊಬ್ಬರು ಕಾರ್ಡಿನ ಮೇಲಿನ ದಿನಾಂಕ ನೋಡಿ, “ಅಯ್ಯೋ, ಕರ್ಕಿಡಕದಲ್ಲಾ?” ಎಂದು ಕೇಳಿ ಮಾತು ಬದಲಿಸಿದ್ದರು.

ಅದೇ ದಿನ ಸಂಜೆ ಅಭಿಷೇಕನ ತಂದೆ ಶ್ರೀಕಂಠಯ್ಯನವರು ಮೈಸೂರಿನಿಂದ ಫೋನ್ ಮಾಡಿದರು. ಬ್ಯಾಂಕಿನಿಂದ ನಿವೃತ್ತರಾದವರು, ಮೃದು ಮಾತಿನವರು. ಮೃದು ಮಾತಿನವರ ಹತ್ತಿರವೇ ಹುಷಾರಾಗಿರಬೇಕು.

“ನೋಡಮ್ಮ, ನಮಗೆ ಶ್ರಾವಣ, ನಮ್ಮದೇನೂ ಅಡ್ಡಿ ಇಲ್ಲ. ಆದ್ರೆ ನಮ್ಮ ಬ್ಯಾಂಕಲ್ಲಿ ಒಬ್ರು ಪಿಳ್ಳೆ ಅಂತ ಇದ್ರು. ಮದುವೆಗೆ ಕರೆಯೋಣ ಅಂತ ಫೋನ್ ಮಾಡಿದ್ರೆ ‘ಕರ್ಕಿಡಕದಲ್ಲಿ ಕಲ್ಯಾಣವಾ ಸಾರ್?’ ಅಂದ್ಬಿಟ್ರು. ಹೆಣ್ಣಿನ ಕಡೆ ಜನಾನೇ ಬರ್ದೇ ಇದ್ರೆ ಮಂಟಪಕ್ಕೆ ಏನು ಕಳೆ ಇರತ್ತೆ ಹೇಳು? ಅವರು ಬರೋದಾದ್ರೆ ಸರಿ. ಇಲ್ಲಾಂದ್ರೆ ಚಿಂಗಮ್ಮಿಗೇ ಹಾಕ್ಕೊಳಣ, ಏನಂತೀಯ?”

ಚಿಂಗಂ ಅಂದರೆ ಓಣಂ ತಿಂಗಳು. ಒಂದು ತಿಂಗಳು ತಡೆದು ಕೂತ ಮದುವೆಗಳೆಲ್ಲ ಒಟ್ಟಿಗೆ ನುಗ್ಗುವ ತಿಂಗಳು. ಪೂರ್ತಿ ಬಾಡಿಗೆ, ಅದೂ ಸಿಕ್ಕಿದರೆ. ಕೊಟ್ಟ ಮುಂಗಡ ವಾಪಸ್ ಬರುವುದಿಲ್ಲ. ಮನೆಯ ದುಡ್ಡು ಹೋಯಿತೆಂದೇ ಲೆಕ್ಕ.

ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಗೋಳು ತೋಡಿಕೊಂಡೆ. ಸಮಾಧಾನ ಹೇಳುತ್ತಾಳೆ ಅಂದುಕೊಂಡರೆ, “ಆಟಿಯಲ್ಲಿ ಮದುವೆಯಾ? ನಿನಗೆ ಮರ್ಲಾ ಮಾರಾಯ್ತಿ, ಹುಚ್ಚಾ?” ಅಂದಳು.

“ಅವರಿಗೆ ಶ್ರಾವಣ ಅಮ್ಮಾ.”

“ಅವರಿಗೆ ಶ್ರಾವಣ. ಊಟಕ್ಕೆ ಬರುವವರಿಗೆ ಎಂತ?”

ಫೋನು ಹಿಡಿದುಕೊಂಡೇ ಕೂತೆ. ಇವರ ಕರ್ಕಿಡಕವೇ ನಮ್ಮ ತುಳುನಾಡಿನ ಆಟಿ. ನಮ್ಮಲ್ಲೂ ಆಟಿಯಲ್ಲಿ ಶುಭಕಾರ್ಯ ಇಲ್ಲ. ನನ್ನ ಅಜ್ಜಿ ಆ ತಿಂಗಳು ಹೊಸ ಪೊರಕೆ ಕೂಡ ಮನೆಗೆ ತರುತ್ತಿರಲಿಲ್ಲ. ಕಹಿ ಕಷಾಯ ಕುಡಿದು ಬೆಳೆದವಳು ನಾನು. ಬೇರೆ ಊರಿನವರು ಮಾಡಿದ್ದರೆ ಗೊತ್ತಿಲ್ಲದೆ ಮಾಡಿದರು ಅನ್ನಬಹುದಿತ್ತು. ನನಗೆ ಗೊತ್ತಿತ್ತು. ಅರ್ಧ ಬಾಡಿಗೆಯ ಗುಂಗಿನಲ್ಲಿ ಎರಡು ಕ್ಯಾಲೆಂಡರ್ ನೋಡಿದೆ, ಅವುಗಳ ಹಿಂದಿನ ಜನರನ್ನು ನೋಡಲಿಲ್ಲ. ಮೊದಲಿನ ನಾಲ್ಕು ಮದುವೆಗೆ ಊಟಕ್ಕೆ ಬಂದವರೆಲ್ಲ ಶ್ರಾವಣದವರು. ಸುಮಂಗಲಕ್ಕನ ಜನ ಕರ್ಕಿಡಕದವರು.

ಬೆಳಗಿನ ರೈಲು ಹತ್ತುವಾಗ ಒಂದು ತೀರ್ಮಾನ ಮಾಡಿಕೊಂಡೆ. ದಿನ ಬದಲಿಸುವುದಿಲ್ಲ, ಹಾಲ್ ಬದಲಿಸುವುದಿಲ್ಲ, ಆ ದುಡ್ಡು ಮುಟ್ಟಲು ಬಿಡುವುದಿಲ್ಲ. ಹೇಗೆ ಎಂದು ಮಾತ್ರ ಗೊತ್ತಿರಲಿಲ್ಲ.

“ಸರಸಮ್ಮ ಟೀಚರ್ ಬಂದ್ರ ಓಣೀನ ಬರ್ತೈತಿ” ಅಂದರು ಸುಮಂಗಲಕ್ಕ, ನಾನು ಕ್ವಾರ್ಟರ್ಸ್ ತಲುಪಿದಾಗ. ಟೀಚರ್ ನಿವೃತ್ತ ಗಣಿತದ ಮೇಷ್ಟರಮ್ಮ. ಕ್ವಾರ್ಟರ್ಸ್ ಗೋಡೆಗೆ ತಾಗಿದ ಮನೆ. ಸುಮಂಗಲಕ್ಕ ಆಫೀಸಿಗೆ ಹೋದಾಗೆಲ್ಲ ಸಹನಾ ಬೆಳೆದದ್ದು ಅವರ ಜಗಲಿಯಲ್ಲಿ. ಇಬ್ಬರೂ ಹೋದೆವು. ಅವರು ಮಾತಾಡಿದ್ದು ಮಲಯಾಳದಲ್ಲೇ. ಆದರೆ ಇಪ್ಪತ್ತಾರು ವರ್ಷದ ಮೇಲೂ ಸುಮಂಗಲಕ್ಕನ ಮಲಯಾಳ ಧಾರವಾಡದ ಕನ್ನಡದ ಹಾಗೆಯೇ ಕೇಳುತ್ತದೆ, ಹಾಗಾಗಿ ನನ್ನ ಕಿವಿಗೆ ಬಿದ್ದಂತೆ ಬರೆಯುತ್ತೇನೆ.

ಮೊದಲು ನಾನು ಪಂಚಾಂಗ ಬಿಚ್ಚಿದೆ. ಸೂರ್ಯ, ಚಂದ್ರ, ಅಮಾವಾಸ್ಯೆ ಎಂದೆಲ್ಲ ವಿವರಿಸಿದೆ. ಟೀಚರ್ ಕನ್ನಡಕ ಮೂಗಿನ ತುದಿಗೆ ಇಳಿಸಿ ಪೂರ್ತಿ ಕೇಳಿದರು. ಆಮೇಲೆ, “ನಿನ್ನ ಲೆಕ್ಕ ಸರಿಯಾಗಿದೆ ಮೋಳೇ. ಪುಸ್ತಕ ಚೀಲದಲ್ಲಿ ಇಡು” ಅಂದರು. ಸುಮಂಗಲಕ್ಕನ ಕಡೆ ತಿರುಗಿ ಹೇಳಿದರು: “ನನ್ನ ಕೈಯಲ್ಲಿ ಬೆಳೆದ ಹುಡುಗಿ. ಅವಳಿಗೆ ಏನಾದರೂ ಆದರೆ, ಕರ್ಕಿಡಕದಲ್ಲಿ ಹರಸಿದೆ ಎಂದು ನನಗೆ ಸಾಯುವ ತನಕ ಚುಚ್ಚುತ್ತದೆ. ಮನೆಯಲ್ಲೇ ಕೂತು ದೀಪ ಹಚ್ಚುತ್ತೇನೆ ಸುಮಂಗಲೇ. ಬರಲಿಕ್ಕೆ ಹೇಳಬೇಡ.”

ನಾನು ಸೋತೆ ಅಂದುಕೊಂಡೆ. ಭಯಕ್ಕೆ ಪಂಚಾಂಗದಲ್ಲಿ ಉತ್ತರ ಇರಲಿಲ್ಲ.

ಸುಮಂಗಲಕ್ಕ ಎದ್ದು ಹೊರಡಲಿಲ್ಲ. ಸೆರಗು ಸರಿಮಾಡಿಕೊಂಡು ಕೇಳಿದರು, “ಟೀಚರ್, ನಾ ಈ ಊರಿಗೆ ಬಂದ ದಿನ ನೆನಪೈತೇನ್ರಿ?”

“ನೆನಪಿಲ್ಲದೆ? ಸುರಿಯುವ ಮಳೆ. ಒಂದು ವರ್ಷದ ಮಗು, ಎರಡು ಟ್ರಂಕು. ಕ್ವಾರ್ಟರ್ಸಿನ ಬೀಗದ ಕೈ ಇಟ್ಟುಕೊಂಡವನು ಎಲ್ಲಿಗೋ ಹೋಗಿದ್ದ.”

“ನೀವು ಬಾಗಲಾ ತಗದು ಒಳಗ ಕರದ್ರಿ. ಏನಂದ್ರಿ ಆವತ್ತ?”

ಟೀಚರ್ ಕನ್ನಡಕ ತೆಗೆದು ಸೆರಗಿನಿಂದ ಒರೆಸತೊಡಗಿದರು.

“ನಾ ಹೇಳ್ತೀನಿ. ‘ಕರ್ಕಿಡಕದಾಗ ಮನೀ ಹೊಕ್ಕವರು ನಿಲ್ಲೂದಿಲ್ಲ. ನೀ ಓಣಂ ತನಕಾನೂ ಇರೂದಿಲ್ಲ’ ಅಂದ್ರಿ. ಅಂದು, ನನ್ನ ಕೂಸಿಗೆ ಗಂಜಿ ಕುಡಿಸಿದ್ರಿ.” ಸುಮಂಗಲಕ್ಕನ ದನಿ ಏರಲಿಲ್ಲ. “ಸರ್ಕಾರದ ಆರ್ಡರು ಕರ್ಕಿಡಕ ನೋಡಿ ಬರ್ತದೇನ್ರಿ? ಹೊಕ್ಕೆ. ಎಷ್ಟ್ ಓಣಂ ಆದೂರಿ? ನೀವು ಗಣಿತದವ್ರು, ಎಣಿಸ್ರಿ.”

ಟೀಚರ್ ನಿಜವಾಗಿಯೂ ಎಣಿಸುವವರ ಹಾಗೆ ಮೇಲೆ ನೋಡಿದರು. ತುಟಿ ಬಿಗಿಹಿಡಿದಿದ್ದರು. ಆಮೇಲೆ ತಡೆಯಲಾಗದೆ ನಗು ಬಂತು. ನಗುತ್ತಲೇ ಕಣ್ಣು ಒರೆಸಿಕೊಂಡರು.

“ಇಪ್ಪತ್ತಾರು ವರ್ಷ ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀಯಲ್ಲೇ, ದುಷ್ಟೇ!”

“ಸಿಟ್ಟಿಗೆ ಇಟ್ಕೊಂಡಿಲ್ರಿ. ಆ ಕರ್ಕಿಡಕದಾಗ ನೀವು ಬಾಗಲಾ ತಗೀದಿದ್ರ ಇವತ್ತ ಈ ಮದುವೀನ ಇರ್ತಿರಲಿಲ್ಲ.”

ಟೀಚರ್ ಎದ್ದು ಒಳಗೆ ಹೋದರು. ಹೋದರು ಎಂದರೆ ಮುಗಿಯಿತೇ, ಇಲ್ಲವೇ ಎಂದು ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಒಂದು ನೋಟ್‌ಬುಕ್ಕು, ಪೆನ್ನು ಹಿಡಿದುಕೊಂಡು ಬಂದರು.

“ಬಸ್ಸು ಯಾವುದು? ನಲವತ್ತು ಸೀಟಿನದು ಸಾಲದು” ಎಂದು ನನ್ನನ್ನು ಕೇಳಿದರು. “ಮತ್ತೆ ಒಂದು ಮಾತು. ಕರ್ಕಿಡಕದಲ್ಲಿ ಬರುವವರು ಕರ್ಕಿಡಕದ ಗಂಜಿ ಬಿಡುವುದಿಲ್ಲ. ಬೆಳಗ್ಗೆ ಎಲ್ಲರಿಗೂ ಅದೇ. ನಾನೇ ಮಾಡಿಸಿ ತರುತ್ತೇನೆ. ನಿಮ್ಮ ಮೈಸೂರಿನವರೂ ಕುಡಿಯಬೇಕು.”

ಮೈಸೂರಿಗೆ ಫೋನ್ ಮಾಡಿ ಶ್ರೀಕಂಠಯ್ಯನವರಿಗೆ ಹೇಳಿದೆ. “ಗಂಜಿ ತಾನೇ? ಕುಡಿಯೋಣ ಬಿಡಮ್ಮ” ಅಂದರು. ಅದರ ರುಚಿ ಅವರಿಗೆ ಗೊತ್ತಿರಲಿಲ್ಲ.

ಮದುವೆಯ ಹಿಂದಿನ ದಿನ ಹಾಲಿಗೆ ಹೋದರೆ ಇನ್ನೊಂದು ಕಾದಿತ್ತು. ಬಣ್ಣದವರು ಎಡಗಡೆಯ ಗೋಡೆಯನ್ನು ಕೆರೆದು ಬಿಳಿ ಬಳಿದು ಹೋಗಿದ್ದರು, ಬಲಗಡೆ ಹಳೇ ಹಸಿರು. ನಾನು ಬಾಯಿ ಬಿಡುವ ಮೊದಲೇ ಸುಕುಮಾರನ್ ಚೇಟ್ಟ, “ಅರ್ಧ ಬಾಡಿಗೆಗೆ ಅರ್ಧ ಗೋಡೆ” ಅಂದರು. ಫೋಟೋದವನಿಗೆ ಬಲಗಡೆಯನ್ನಷ್ಟೇ ತೆಗೆಯಲು ಹೇಳಿದೆ. ಆ ಆಲ್ಬಮ್ಮಿನಲ್ಲಿ ಎಲ್ಲರೂ ಒಂದೇ ಕಡೆ ಮುಖ ಮಾಡಿದ್ದಾರೆ, ಯಾರೋ ಕರೆದ ಹಾಗೆ.

ಮರುದಿನ ಬೆಳಗ್ಗೆ ಏಳಕ್ಕೆ ಓಣಿಯ ಬಸ್ಸು ಬಂತು. ತುಂಬಿತ್ತು. ಟೀಚರ್ ಮುಂದಿನ ಸೀಟಿನಿಂದ ಇಳಿದರು, ಹಿಂದೆ ಗಂಜಿಯ ಎರಡು ದೊಡ್ಡ ಪಾತ್ರೆ. ಶ್ರೀಕಂಠಯ್ಯನವರು ಒಂದು ಲೋಟ ಬಾಯಿಗೆ ಇಟ್ಟು ಕಣ್ಣು ಮುಚ್ಚಿದರು. ಮೆಂತೆ, ಜೀರಿಗೆ, ಹತ್ತಾರು ಬೇರು ನಾರಿನ ಕಹಿ.

“ಹೇಗಿದೆ ಸಾರ್?” ಟೀಚರ್ ಎದುರಿಗೇ ನಿಂತಿದ್ದರು.

“ಭೇಷಾಗಿದೆ” ಅಂದರು ಅವರು, ಕಣ್ಣು ತೆರೆಯದೆ. ಎರಡನೇ ಲೋಟ ಕೊಟ್ಟರು. ಪಾಪ, ಕುಡಿದರು.

ವೇದಿಕೆಯ ದೀಪ ಟೀಚರ್ ಹಚ್ಚಲಿಲ್ಲ. ಕರೆದರೂ ಬರಲಿಲ್ಲ. ಹಾಲಿನ ನಡುವಿನ ಕಂಬಕ್ಕೆ ಒರಗಿ, ಕೈಯಲ್ಲಿ ಅಕ್ಷತೆ ಬಿಗಿಯಾಗಿ ಹಿಡಿದು ನಿಂತಿದ್ದರು. ಓಣಿಯ ಹೆಂಗಸರೆಲ್ಲ ಅವರ ಸುತ್ತ. ಅವರು ಏನು ಮಾಡುತ್ತಾರೋ ಇವರೂ ಅದನ್ನೇ ಮಾಡುವವರು. ನಾನು ಮುಹೂರ್ತದ ಹೊತ್ತಿಗೆ ವೇದಿಕೆ ನೋಡಲಿಲ್ಲ, ಟೀಚರ್ ಮುಖ ನೋಡುತ್ತಿದ್ದೆ. ಓಲಗ ಏರಿತು. ಅಭಿಷೇಕ್ ತಾಳಿ ಎತ್ತಿದ. ಸಹನಾ ತಲೆ ತಗ್ಗಿಸುವ ಮೊದಲು ಒಂದು ಸಲ ಕಂಬದ ಕಡೆ ನೋಡಿದಳು.

ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದು ಕುರವ ಹಾಕಿದರು.

ಇಲ್ಲಿಯ ಹೆಂಗಸರು ಮಂಗಳ ಹೊತ್ತಿನಲ್ಲಿ ನಾಲಿಗೆ ಆಡಿಸಿ ತೆಗೆಯುವ ಆ ದನಿ ಕೇಳಿದ್ದೀರಲ್ಲ? ಮೊದಲು ಒಬ್ಬರದೇ, ಸ್ವಲ್ಪ ಒಡೆದ ದನಿ. ಆಮೇಲೆ ಐದು, ಹತ್ತು, ಇಡೀ ಓಣಿ. ಅರ್ಧ ಬಿಳಿ ಅರ್ಧ ಹಸಿರಿನ ಆ ಹಾಲಿನಲ್ಲಿ ಓಲಗವೇ ಕೇಳಿಸದಂತಾಯಿತು. ಮೈಸೂರಿನವರು ಬೆಚ್ಚಿ ಹಿಂದೆ ತಿರುಗಿದರು. ಅಕ್ಷತೆ ಎಲ್ಲಿಗೋ ಎಸೆದರು. ಸುಮಂಗಲಕ್ಕ ಮಾತ್ರ ತಿರುಗಲಿಲ್ಲ. ಮಗಳ ಬೆನ್ನ ಹಿಂದೆ ನಿಂತು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ಓಣಂಗೆ ನಾಲ್ಕು ದಿನ ಇರುವಾಗ ನೇಮಂ ಮನೆಗೆ ಮುಂಗಡ ಕೊಟ್ಟರು. ಎಲ್ಲಿಯೂ ಸಾಲ ಮಾಡಲಿಲ್ಲ.

ಆ ಉಪಾಯ ಈಗ ಗುಟ್ಟಲ್ಲ. ಕೆಲವು ಹಾಲಿನವರು “ಶ್ರಾವಣ ರೇಟ್” ಎಂದು ತಾವೇ ಬೋರ್ಡು ಹಾಕುತ್ತಾರೆ. ಬಳಸಿಕೊಳ್ಳಿ, ತಪ್ಪೇನಿಲ್ಲ. ಆದರೆ ಮುಂಗಡ ಕೊಡುವ ಮೊದಲು ಒಂದು ಹಾಳೆಯಲ್ಲಿ ಊಟಕ್ಕೆ ಬರುವವರ ಹೆಸರು ಬರೆಸಿಕೊಳ್ಳಿ. ಹೆಸರಿನ ಮುಂದೆ ಅವರು ಯಾವ ತಿಂಗಳಿನವರು ಎಂದು ಬರೆಯಿರಿ. ಬರಲು ಹಿಂಜರಿಯುವವರಿದ್ದರೆ ಕಾರ್ಡು ಕಳಿಸುವ ಮೊದಲೇ ಅವರ ಜಗಲಿಗೆ ಹೋಗಿ ಕೂರಿ. ಪಂಚಾಂಗ ಚೀಲದಲ್ಲೇ ಇರಲಿ.

ಮರುವರ್ಷ ಸುಮಂಗಲಕ್ಕ ನಿವೃತ್ತರಾದರು. ಗೃಹಪ್ರವೇಶಕ್ಕೆ ಕರೆದರು. ದಿನ ಕೇಳಿದರೆ ಶ್ರಾವಣದ ಶುಕ್ರವಾರ. ಮಲಯಾಳ ಕ್ಯಾಲೆಂಡರ್ ನೋಡಿದೆ. ಕರ್ಕಿಡಕವೇ.

ಆ ಸಣ್ಣ ಮನೆಯಲ್ಲಿ ಒಲೆಯ ಮೇಲೆ ಹಾಲಿನ ಪಾತ್ರೆ ಇಟ್ಟಿದ್ದರು. ಹಾಲು ಉಕ್ಕಿಸುವುದು ನಮ್ಮಲ್ಲೂ ಉಂಟು, ಅವರಲ್ಲೂ ಉಂಟು. ಓಣಿಯವರು ಬಾಗಿಲಿನಿಂದ ಗೇಟಿನವರೆಗೆ ನಿಂತಿದ್ದರು, ಒಳಗೆ ಜಾಗ ಇರಲಿಲ್ಲ. ಸುಮಂಗಲಕ್ಕ ಬೆಂಕಿಪೊಟ್ಟಣ ಟೀಚರ್ ಕೈಗೆ ಕೊಟ್ಟರು. ಈ ಸಲ ಟೀಚರ್ ಬೇಡ ಅನ್ನಲಿಲ್ಲ. ಒಲೆ ಹಚ್ಚಿ, ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತರು. ಹಾಲು ಅಂಚಿಗೆ ಬಂತು, ನೊರೆ ಎದ್ದಿತು, ಉಕ್ಕಿ ಒಲೆಯ ಮೇಲೆ ಚೊರ್ ಎಂದು ಸುರಿಯಿತು.

“ಓಣಂ ತನಕ ನಿಲ್ಲುತ್ತಾಳೋ ನೋಡೋಣ” ಅಂದರು ಟೀಚರ್.